ಕಸದ ಗುಡ್ಡದ ಅನಿಲವನ್ನು ದ್ರವ ಇಂಧನ ಮಾಡುವುದು: ಕಲಬುರಗಿಯ ಮಟ್ಟಕ್ಕೆ ಕೈಗೂಡುತ್ತದೆಯೇ?

ಗಂಜ್ ವೆಲ್ಡರ್, ಕಲಬುರಗಿ

ನಗರದ ಕಸ ಉದನೂರ ಕಡೆ ಹೋಗುತ್ತದೆ ಎಂಬುದು ಇಲ್ಲಿರುವ ಕಲಬುರಗಿಯವರಿಗೆಲ್ಲ ಗೊತ್ತು. ಕೊಳೆಯುವ ಕಸದಿಂದ ಮೀಥೇನ್ ಏಳುತ್ತದೆ, ಸುಮ್ಮನೆ ಗಾಳಿಗೆ ಸೇರುತ್ತದೆ. ಅದನ್ನು ಹಿಡಿದು, ಶುದ್ಧ ಮಾಡಿ, ತಂಪಾಗಿಸಿ ದ್ರವ ಮಾಡಿದರೆ ಅದೇ ಎಲ್‌ಎನ್‌ಜಿ. ಅಮೆರಿಕದ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಕಸದ ತಾಣದಲ್ಲಿ 2009ರಲ್ಲಿ ಇಂಥ ಘಟಕ ಶುರುವಾಯಿತು. ದಿನಕ್ಕೆ 13,000 ಗ್ಯಾಲನ್, ಅಂದರೆ ಸುಮಾರು 49,000 ಲೀಟರ್ ತೆಗೆಯುವ ಸಾಮರ್ಥ್ಯ. ಕಸ ಹೊರುವ ಲಾರಿಗಳೇ ಆ ಇಂಧನದಲ್ಲಿ ಓಡಿದವು.

ನನಗೆ ಅಷ್ಟು ದೊಡ್ಡ ಕನಸಿಲ್ಲ. ದಿನಕ್ಕೆ 500 ಲೀಟರ್ ಬಂದರೂ ಕೆಲವು ಟಿಪ್ಪರ್‌ಗಳ ಡೀಸೆಲ್ ಉಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್ ನನ್ನ ಕಸುಬು, ಹಾಲಿನ ಟ್ಯಾಂಕು ಮಾಡಿ ರೂಢಿಯಿದೆ. ಪೈಪು, ಟ್ಯಾಂಕು ನಾನು ನೋಡಿಕೊಳ್ಳುತ್ತೇನೆ. ತಂಪು ಮಾಡುವ ಯಂತ್ರದ ಬಗ್ಗೆ ಬಲ್ಲವರು ಬೇಕು. ಇನ್ನೊಂದು: ಅಡುಗೆ ಸಿಲಿಂಡರ್‌ನಲ್ಲಿ ಬರೀ ಒತ್ತಡದಿಂದಲೇ ಅನಿಲ ದ್ರವವಾಗಿ ಕೂರುತ್ತದಲ್ಲ, ಇದನ್ನೂ ಹಾಗೆಯೇ ಒತ್ತಿ ತುಂಬಿದರೆ ಆಗದೇ? ಲೆಕ್ಕ ಹಾಕಿ ಹೇಳಿ. "ಅದನ್ನೆಲ್ಲ ಸರ್ಕಾರ ಮಾಡಬೇಕು" ಎಂಬ ಉತ್ತರ ಮಾತ್ರ ಬೇಡ.


ಹುಮನಾಬಾದ್ ಲಾರಿ

ಅಣ್ಣನವರೇ, ಬೇಗ ಮಾಡಿ. ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ಊರ ಮೇಲೆಯೇ ಹೋಗುತ್ತದೆ. ಎಲ್‌ಎನ್‌ಜಿ ಲಾರಿಗಳು ರಸ್ತೆಗೆ ಇಳಿದಿವೆ, ಚಾಲಕರು ಎಂಜಿನ್ ಸದ್ದು ಕಡಿಮೆ ಎಂದು ಹೊಗಳುತ್ತಾರೆ. ಇಂಧನ ಎಲ್ಲಿ ಸಿಗುತ್ತದೆ ಎಂದರೆ ಮಾತ್ರ ಎಲ್ಲರೂ ದೂರದ ಊರಿನ ಹೆಸರು ಹೇಳುತ್ತಾರೆ.


ರಸಾಯನ ಮೇಡಂ, ಕಲಬುರಗಿ

ಸಿಲಿಂಡರ್ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ಜೀವಕ್ಕೆ ಅಪಾಯವಿದೆ.

ಅಡುಗೆ ಅನಿಲದಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಪ್ರತಿಯೊಂದು ಅನಿಲಕ್ಕೂ ಒಂದು ಸಂದಿಗ್ಧ ತಾಪಮಾನ ಇರುತ್ತದೆ. ಅದಕ್ಕಿಂತ ಬಿಸಿ ಇದ್ದರೆ ಎಷ್ಟೇ ಒತ್ತಿದರೂ ಅನಿಲ ದ್ರವವಾಗುವುದಿಲ್ಲ. ಪ್ರೊಪೇನ್‌ಗೆ ಅದು 96 ಡಿಗ್ರಿಗೂ ಮೇಲೆ, ಬ್ಯೂಟೇನ್‌ಗೆ ಸುಮಾರು 152. ನಮ್ಮ ಮೇ ತಿಂಗಳ 45 ಡಿಗ್ರಿ ಅದರ ಕೆಳಗೇ ಇದೆ, ಆದ್ದರಿಂದ ಮನೆಯ ಸಿಲಿಂಡರ್‌ನಲ್ಲಿ ದ್ರವ ಕುಲುಕಾಡುತ್ತದೆ. ಮೀಥೇನ್‌ಗೆ ಆ ಮಿತಿ ಮೈನಸ್ 82. ಕಲಬುರಗಿ ಬಿಡಿ, ಕಾಶ್ಮೀರದ ಚಳಿಗಾಲದಲ್ಲೂ ಅದನ್ನು ಬರೀ ಒತ್ತಡದಿಂದ ದ್ರವ ಮಾಡಲಾಗದು. 200 ಬಾರ್‌ಗೆ, ಅಂದರೆ ವಾಯುಭಾರದ ಸುಮಾರು 200 ಪಟ್ಟಿಗೆ ಒತ್ತಿದರೂ ಅದು ಒತ್ತಿಟ್ಟ ಅನಿಲವೇ, ಅಂದರೆ ಸಿಎನ್‌ಜಿ. ಅಡುಗೆ ಸಿಲಿಂಡರ್ ಆ ಒತ್ತಡಕ್ಕೆ ಮಾಡಿದ್ದಲ್ಲ. ಯಾರೂ ಪ್ರಯೋಗಕ್ಕೆ ಕೈ ಹಾಕಬೇಡಿ.

ಸಾಮಾನ್ಯ ವಾಯುಭಾರದಲ್ಲಿ ಮೀಥೇನ್ ದ್ರವವಾಗುವುದು ಮೈನಸ್ 162ರ ಹತ್ತಿರ. ಆಗ ಗಾತ್ರ 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಷ್ಟೆಲ್ಲ ಕಷ್ಟಪಡುವುದು ಆ ಒಂದು ಲಾಭಕ್ಕಾಗಿ.


ಶೈತ್ಯಾಗಾರದ ಮೇಸ್ತ್ರಿ, ಕಲಬುರಗಿ

ವೆಲ್ಡರ್ ಅಣ್ಣ, ತಂಪಿನ ಕೆಲಸದಲ್ಲಿ ತಲೆ ನರೆತಿದೆ, ಅದರ ಬಲದ ಮೇಲೆ ಹೇಳುತ್ತೇನೆ. ನಾವು ದಿನನಿತ್ಯ ನೋಡುವ ಅಮೋನಿಯಾ ಘಟಕ ಮೈನಸ್ 30, ಎಳೆದಾಡಿದರೆ ಮೈನಸ್ 40. ಒಂದರ ಬೆನ್ನಿಗೆ ಇನ್ನೊಂದು ಕಂಪ್ರೆಸರ್ ಜೋಡಿಸಿದರೆ ಮೈನಸ್ 80. ಪ್ರಯೋಗಾಲಯಗಳಲ್ಲಿ ಅಂಥ ಪೆಟ್ಟಿಗೆಗಳಿವೆ. ಮೈನಸ್ 162ಕ್ಕೆ ಇಳಿಯಲು ಬೇರೆಯೇ ವಿದ್ಯೆ ಬೇಕು. ನೈಟ್ರೋಜನ್ ಅನ್ನು ಒತ್ತಿ ಹಿಗ್ಗಿಸುವ ಟರ್ಬೈನ್, ಅಥವಾ ಹಲವು ಶೀತಕಗಳ ಮಿಶ್ರಣ, ಅಥವಾ ಒಳಗೆ ಮುಚ್ಚಿಟ್ಟ ಅನಿಲವನ್ನು ಪಿಸ್ಟನ್‌ನಿಂದ ಒತ್ತಿ ಹಿಗ್ಗಿಸಿ ತಂಪು ಮಾಡುವ ಸ್ಟರ್ಲಿಂಗ್ ಯಂತ್ರ. ಮೂರೂ ಸಣ್ಣ ಗಾತ್ರದಲ್ಲಿ ಸಿಗುತ್ತವೆ, ಮೂರರಲ್ಲೂ ಬಿಡಿಭಾಗ ಕೆಟ್ಟರೆ ನಮ್ಮ ಸೂಪರ್ ಮಾರ್ಕೆಟ್ ಗಲ್ಲಿಯಲ್ಲಿ ಸಿಗುವುದಿಲ್ಲ.

ನಮ್ಮ ಬಿಸಿಲಿನ ದಂಡವೂ ಇದೆ. ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಆಲ್ಬರಿಯಲ್ಲಿ 2008ರಲ್ಲೇ ಕಸದ ಅನಿಲವನ್ನು ದ್ರವ ಮಾಡಿದರು. ಅಲ್ಲಿ ಯಂತ್ರ ತನ್ನ ಶಾಖವನ್ನು 15 ಡಿಗ್ರಿಯ ಗಾಳಿಗೆ ಬಿಟ್ಟರೆ ಇಲ್ಲಿ 45 ಡಿಗ್ರಿಯ ಗಾಳಿಗೆ ಬಿಡಬೇಕು. ಸಿದ್ಧಾಂತದ ಕನಿಷ್ಠ ಲೆಕ್ಕದಲ್ಲೇ ಶೇಕಡಾ 17ರಷ್ಟು ಹೆಚ್ಚು ಕೆಲಸ. ಧೂಳು ಕೂತ ಕಂಡೆನ್ಸರ್‌ನ ಪಾಡು ಅದರ ಮೇಲೆ.


ದೇವಣಿ, ಬೀದರ್

ನಾನು ಪಶುವೈದ್ಯ ಇಲಾಖೆಯ ಕೆಲಸದವನು. ಕೃತಕ ಗರ್ಭಧಾರಣೆಗೆ ದ್ರವ ನೈಟ್ರೋಜನ್ ಕ್ಯಾನು ಬೈಕಿಗೆ ಕಟ್ಟಿಕೊಂಡು ಹಳ್ಳಿ ತಿರುಗುತ್ತೇವೆ. ಅದು ಮೈನಸ್ 196. ನಿಮ್ಮ ಮೀಥೇನ್‌ಗಿಂತ ತಂಪು. ಅದನ್ನೇ ತಂದು ಅನಿಲವನ್ನು ತಂಪು ಮಾಡಿದರೆ ದೊಡ್ಡ ಯಂತ್ರವೇ ಬೇಡವಲ್ಲ?

ಟ್ಯಾಂಕು ಮಾಡುವವರಿಗೆ ಒಂದು ಮಾತು. ನಮ್ಮ ಕ್ಯಾನಿನ ಬಿರಡೆ ಸಡಿಲವಾಗಿಯೇ ಇರುತ್ತದೆ, ನೋಡಿದ್ದೀರಾ? ಹೊಸದಾಗಿ ಸೇರಿದ ಹುಡುಗರು ಚೆಲ್ಲುತ್ತದೆಂದು ಬಟ್ಟೆ ತುರುಕಿ ಬಿಗಿ ಮಾಡಲು ಹೋಗುತ್ತಾರೆ. ಒಳಗಿನ ದ್ರವ ಎಷ್ಟೇ ಒಳ್ಳೆಯ ಕ್ಯಾನಿನಲ್ಲೂ ಸ್ವಲ್ಪ ಸ್ವಲ್ಪವೇ ಕುದಿಯುತ್ತಿರುತ್ತದೆ. ಆ ಆವಿಗೆ ದಾರಿ ಇಲ್ಲದಿದ್ದರೆ ಕ್ಯಾನೇ ಸಿಡಿಯುತ್ತದೆ. ಬೇಸಿಗೆಯಲ್ಲಿ ಬಳಸದೆ ಇಟ್ಟರೂ ಮಟ್ಟ ಇಳಿಯುತ್ತಲೇ ಹೋಗುತ್ತದೆ. ಅಳತೆ ಕೋಲು ಅದ್ದಿ ತೆಗೆದರೆ ಬಿಳಿ ಮಂಜು ಹಿಡಿದ ಗೆರೆ ದಿನದಿಂದ ದಿನಕ್ಕೆ ಗಿಡ್ಡವಾಗುತ್ತದೆ. ನೈಟ್ರೋಜನ್ ಹೋದರೆ ಹೋಯಿತು, ಗಾಳಿಯಲ್ಲಿ ಇರುವುದೇ ಅದು. ಮೀಥೇನ್ ಹೀಗೆ ಹೋದರೆ ಬೆಂಕಿ.


ರಸಾಯನ ಮೇಡಂ, ಕಲಬುರಗಿ

ದೇವಣಿ ಅವರ ಮಾತು ನೂರಕ್ಕೆ ನೂರು ಸರಿ, ಜೊತೆಗೆ ಇನ್ನೊಂದು ಅಪಾಯ. ಅಡುಗೆ ಅನಿಲ ಸೋರಿದರೆ ವಾಸನೆ ಬರುತ್ತದೆ, ಅದಕ್ಕೆಂದೇ ಬೆರೆಸಿದ ರಾಸಾಯನಿಕದಿಂದ. ದ್ರವ ಮೀಥೇನ್‌ನಲ್ಲಿ ಆ ರಾಸಾಯನಿಕ ಹೆಪ್ಪುಗಟ್ಟುತ್ತದೆ, ಆದ್ದರಿಂದ ಬೆರೆಸುವುದಿಲ್ಲ. ಸೋರಿದರೆ ಮೂಗಿಗೆ ತಿಳಿಯುವುದಿಲ್ಲ, ಉಪಕರಣ ಬೇಕು. ಗಾಳಿಯಲ್ಲಿ ಶೇಕಡಾ 5ರಿಂದ 15 ಮೀಥೇನ್ ಇದ್ದರೆ ಒಂದು ಕಿಡಿ ಸಾಕು. ಮೀಥೇನ್ ಹಗುರ, ಮೇಲೆ ಹೋಗುತ್ತದೆ ಎಂದು ಓದಿರುತ್ತೀರಿ. ಅತಿ ತಂಪಿನ ಆವಿ ಗಾಳಿಗಿಂತ ಭಾರ, ಆರಂಭದಲ್ಲಿ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ.

ದ್ರವ ನೈಟ್ರೋಜನ್‌ನಿಂದ ತಂಪು ಮಾಡುವ ಉಪಾಯ ಹೊಸದೇನಲ್ಲ, ಪ್ರಯೋಗಾಲಯದಲ್ಲಿ ಸುಲಭ. ಒಂದು ಕಿಲೋ ಮೀಥೇನ್ ದ್ರವವಾಗಲು ಸುಮಾರು 900 ಕಿಲೋಜೂಲ್ ಶಾಖ ತೆಗೆಯಬೇಕು. ಒಂದು ಕಿಲೋ ದ್ರವ ನೈಟ್ರೋಜನ್ ಒಂದಿಷ್ಟೂ ವ್ಯರ್ಥವಾಗದಂತೆ ಬಳಸಿದರೂ ಹೀರುವುದು 430ರ ಆಸುಪಾಸು. ಕಿಲೋಗೆ ಎರಡು ಕಿಲೋಗೂ ಮಿಕ್ಕಿ ನೈಟ್ರೋಜನ್ ಲಾರಿಯಲ್ಲಿ ತರಿಸಬೇಕು. ಡೀಸೆಲ್ ಉಳಿಸಲು ಡೀಸೆಲ್ ಸುಟ್ಟ ಹಾಗಾಯಿತು.


ಯಾದಗಿರಿ ನಿವೃತ್ತ

ನಾನು ನಗರ ನೈರ್ಮಲ್ಯದ ಎಂಜಿನಿಯರಾಗಿ ನಿವೃತ್ತನಾದವನು, ವಯಸ್ಸಾಗಿದೆ, ನೇರವಾಗಿ ಹೇಳಿದರೆ ಬೇಸರಪಟ್ಟುಕೊಳ್ಳಬೇಡಿ. ನೀವೆಲ್ಲರೂ ಅನಿಲ ಕೈಗೆ ಬಂದಾಯಿತು ಎಂದುಕೊಂಡು ತಂಪು ಮಾಡುವ ಚರ್ಚೆಗೆ ಇಳಿದಿದ್ದೀರಿ. ಅನಿಲ ಎಲ್ಲಿದೆ?

ಆಲ್ಟಮಾಂಟ್, ಆಲ್ಬರಿ ಅವು ಲ್ಯಾಂಡ್‌ಫಿಲ್‌ಗಳು. ತಳಕ್ಕೆ ಪದರ, ಪ್ರತಿದಿನ ಮಣ್ಣಿನ ಹೊದಿಕೆ, ರೋಲರ್ ಹೊಡೆದು ಒತ್ತಿದ ಕಸ, ಮೇಲೆ ಗಾಳಿ ಹೋಗದ ಮುಚ್ಚಳ, ಒಳಗೆ ತೂತು ಕೊರೆದ ಪೈಪುಗಳ ಜಾಲ, ಅವುಗಳಿಂದ ಅನಿಲವನ್ನು ಹೀರುವ ಬ್ಲೋವರ್. ನಮ್ಮ ಭಾಗದ ಊರುಗಳಲ್ಲಿ ಹೆಚ್ಚಾಗಿ ಇರುವುದು ಸುರಿದ ಕಸ. ಎರಡಕ್ಕೂ "ಕಸದ ಗುಡ್ಡ" ಎಂದು ಒಂದೇ ಹೆಸರು ಇಟ್ಟು ಲೆಕ್ಕ ಹಾಕಿದರೆ ಲೆಕ್ಕ ಕೈಕೊಡುತ್ತದೆ.

ಮೀಥೇನ್ ಹುಟ್ಟುವುದು ಆಮ್ಲಜನಕ ಇಲ್ಲದ ಕಡೆ. ಕಸ ತೆಳ್ಳಗೆ ಹರಡಿದ್ದರೆ ಗಾಳಿ ಒಳಗೆ ಆಡುತ್ತದೆ, ಕಸ ಕೊಳೆತರೂ ಮೀಥೇನ್ ಅಷ್ಟಾಗಿ ಬರುವುದಿಲ್ಲ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ ಇದಕ್ಕೆ ಒಂದು ಗುಣಕವನ್ನೇ ಇಟ್ಟಿದೆ. ವ್ಯವಸ್ಥಿತ ಲ್ಯಾಂಡ್‌ಫಿಲ್‌ಗೆ 1. ವ್ಯವಸ್ಥೆಯಿಲ್ಲದ, ಆದರೆ 5 ಮೀಟರ್‌ಗಿಂತ ಆಳದ ರಾಶಿಗೆ 0.8, 5 ಮೀಟರ್‌ಗಿಂತ ಕಡಿಮೆಯದಕ್ಕೆ 0.4. ನಿಮ್ಮ ರಾಶಿ ಎಷ್ಟು ಎತ್ತರ, ಎಷ್ಟು ವರ್ಷದ್ದು, ಯಾವ ಭಾಗ ಸುಟ್ಟು ಬೂದಿಯಾಗಿದೆ? ಅದನ್ನು ಅಳೆಯದೆ ಟರ್ಬೈನ್, ಸ್ಟರ್ಲಿಂಗ್ ಎಂದರೆ ಸೋರುವ ಬಿಂದಿಗೆಗೆ ಬೆಳ್ಳಿಯ ಮುಚ್ಚಳ ಮಾಡಿಸಿದ ಹಾಗೆ.

ಇನ್ನು ಇಳುವರಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಒರಟು ಅಂದಾಜಿನಲ್ಲಿ 10 ಲಕ್ಷ ಟನ್ ಕಸಕ್ಕೆ ದಿನಕ್ಕೆ 4,32,000 ಘನ ಅಡಿ ಅನಿಲ. ಅದು ಅವರ ಟನ್ನು, ನಮ್ಮದಕ್ಕಿಂತ ಸ್ವಲ್ಪ ಚಿಕ್ಕದು. ನಮ್ಮ ಅಳತೆಗೆ ತಂದರೆ 1 ಲಕ್ಷ ಟನ್‌ಗೆ ಗಂಟೆಗೆ ಸುಮಾರು 55 ಘನ ಮೀಟರ್. ಅದೂ ಮುಚ್ಚಳ ಹಾಕಿದ, ಪೈಪು ಹೂತ ಲ್ಯಾಂಡ್‌ಫಿಲ್‌ನಲ್ಲಿ.


ಎರೆ ಹೊಲ, ಜೇವರ್ಗಿ

ಮುಚ್ಚಳದ ಮಾತು ಬಂತಲ್ಲ. ನಮ್ಮಲ್ಲಿ ಸುಲಭವಾಗಿ ಸಿಗುವುದು ಎರೆ ಮಣ್ಣು. ಮಳೆಗಾಲದಲ್ಲಿ ಅದು ಉಬ್ಬಿ ಬಿಗಿಯಾಗುತ್ತದೆ, ಒಳ್ಳೆಯ ಮುಚ್ಚಳ ಎನಿಸುತ್ತದೆ. ಬೇಸಿಗೆಗೆ ಬನ್ನಿ ನಮ್ಮ ಹೊಲಕ್ಕೆ. ತೊಗರಿ ಕೊಯ್ದ ಮೇಲೆ ಬಿಟ್ಟ ಬಿರುಕಿನಲ್ಲಿ ಎತ್ತು ಹೊಡೆಯುವ ಬಾರುಕೋಲು ಅರ್ಧಕ್ಕೂ ಹೆಚ್ಚು ಇಳಿಯುತ್ತದೆ, ಕುರಿಮರಿಯ ಕಾಲು ಸಿಕ್ಕಿಕೊಳ್ಳುತ್ತದೆ. ಅಂಥ ಮಣ್ಣು ಹೊದಿಸಿದ ಗುಡ್ಡದಲ್ಲಿ ಅನಿಲ ನಿಲ್ಲುತ್ತದೆಯೇ?


ಯಾದಗಿರಿ ನಿವೃತ್ತ

ನಿಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಬ್ಲೋವರ್ ಹಾಕಿ ಎಳೆದಾಗ ಆ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಗಾಳಿ ಹೋದರೆ ಒಂದು, ಒಳಗೆ ಬೆಂಕಿ ಹೊತ್ತಿಕೊಳ್ಳಬಹುದು. ಗುಡ್ಡದ ಹೊಟ್ಟೆಯಲ್ಲಿ ಹತ್ತಿದ ಬೆಂಕಿ ಆರಿಸುವುದು ದೇವರಿಗೇ ಕಷ್ಟ. ಎರಡು, ಅನಿಲದಲ್ಲಿ ನೈಟ್ರೋಜನ್ ಬೆರೆಯುತ್ತದೆ. ಇಂಗಾಲದ ಡೈಆಕ್ಸೈಡ್ ತೆಗೆಯಲು ಹತ್ತು ದಾರಿಗಳಿವೆ, ಮೀಥೇನ್‌ನಿಂದ ನೈಟ್ರೋಜನ್ ಬೇರ್ಪಡಿಸುವುದು ಸಣ್ಣ ಘಟಕಕ್ಕೆ ಎಟುಕದ ಖರ್ಚು. ಎರೆ ಮಣ್ಣೇ ಗತಿಯಾದರೆ ಕೆಳಗೆ ಪ್ಲಾಸ್ಟಿಕ್ ಹಾಳೆ ಬೇಕು, ಮೇಲೆ ತೇವ ಆರದಂತೆ ಹುಲ್ಲು ಬೇಕು.


ಗಂಜ್ ವೆಲ್ಡರ್, ಕಲಬುರಗಿ

ಕಾಕಾ, ನೀವು ಹೇಳಿದ್ದು ಒಪ್ಪಿದೆ, ಆದರೆ ಎಲ್ಲವೂ ಆಗದು ಎಂದರೆ ಏನೂ ಆಗುವುದಿಲ್ಲ. ಹಾಳೆ ಹೊದಿಸಿದರು, ಪೈಪು ಹೂತರು, 2 ಲಕ್ಷ ಟನ್ ಇದೆ, ಗಂಟೆಗೆ 100 ಘನ ಮೀಟರ್ ಬಂತು ಎಂದೇ ಇಟ್ಟುಕೊಳ್ಳೋಣ. ಆಮೇಲೆ?


ರಸಾಯನ ಮೇಡಂ, ಕಲಬುರಗಿ

ಆಮೇಲಿನ ಲೆಕ್ಕ ಹೀಗೆ. ಕಸದ ಅನಿಲದಲ್ಲಿ ಸರಿಸುಮಾರು ಅರ್ಧ ಮೀಥೇನ್, ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. 100ರಲ್ಲಿ 50 ಘನ ಮೀಟರ್ ಮೀಥೇನ್ ಎಂದರೆ ಸುಮಾರು 34 ಕಿಲೋ. ಶುದ್ಧೀಕರಣದಲ್ಲಿ ಹತ್ತರಲ್ಲೊಂದು ಪಾಲು ಕಳೆಯಿತು ಎನ್ನಿ, ಗಂಟೆಗೆ 30 ಕಿಲೋ ಉಳಿಯಿತು. ದಿನಕ್ಕೆ 720 ಕಿಲೋ. ದ್ರವ ರೂಪದಲ್ಲಿ ಲೀಟರಿಗೆ 430 ಗ್ರಾಂ ಆಸುಪಾಸು, ಹಾಗಾಗಿ 1,670 ಲೀಟರ್. ಕೇಳಲು ಚೆನ್ನಾಗಿದೆ. ಶಕ್ತಿಯ ಲೆಕ್ಕದಲ್ಲಿ ಅದು 1,000 ಲೀಟರ್ ಡೀಸೆಲ್‌ಗೆ ಸಮ, ಏಕೆಂದರೆ ಎಲ್‌ಎನ್‌ಜಿಯ ಒಂದು ಲೀಟರಿನಲ್ಲಿ ಡೀಸೆಲ್‌ಗಿಂತ ಕಡಿಮೆ ಶಕ್ತಿ ಇದೆ. ವೆಲ್ಡರ್ ಅವರು ಕೇಳಿದ 500 ಲೀಟರ್‌ಗೆ ಗಂಟೆಗೆ 30 ಘನ ಮೀಟರ್ ಕಸದ ಅನಿಲ ಸಾಕು.

ಖರ್ಚಿನ ಕಡೆ ನೋಡಿ. ದೊಡ್ಡ ಕಾರ್ಖಾನೆಗಳಲ್ಲಿ ಒಂದು ಕಿಲೋ ದ್ರವ ಮಾಡಲು 0.3 ಯೂನಿಟ್ ವಿದ್ಯುತ್ ಹಿಡಿದರೆ, ಪುಟ್ಟ ಯಂತ್ರಕ್ಕೆ 1 ಯೂನಿಟ್ ಬೇಕಾಗುವುದು ಅಚ್ಚರಿಯಲ್ಲ. ಗಂಟೆಗೆ 30 ಕಿಲೋ ಎಂದರೆ 30 ಕಿಲೋವ್ಯಾಟ್ ಅಲ್ಲಿ ಹೋಯಿತು. ಶುದ್ಧೀಕರಣಕ್ಕೆ 25. ಒಟ್ಟು 55. ಇದೇ ಅನಿಲವನ್ನು ಶುದ್ಧಿಯ ಗೋಜಿಗೆ ಹೆಚ್ಚು ಹೋಗದೆ ಗ್ಯಾಸ್ ಎಂಜಿನ್‌ಗೆ ಕೊಟ್ಟರೆ 165 ಕಿಲೋವ್ಯಾಟ್ ವಿದ್ಯುತ್ ಬರುತ್ತದೆ. ಅಂದರೆ ಎಂಜಿನ್‌ನಿಂದ ಸಿಗಬಹುದಾದ ವಿದ್ಯುತ್ತಿನ ಮೂರರಲ್ಲೊಂದು ಪಾಲಿನಷ್ಟನ್ನು ದ್ರವ ಮಾಡುವ ಕೆಲಸವೇ ತಿನ್ನುತ್ತದೆ.

ಆದರೂ ನಾನು ವಿದ್ಯುತ್ ಬಿಲ್ಲಿನ ಮೇಲೆ ಇದನ್ನು ತಳ್ಳಿಹಾಕುವುದಿಲ್ಲ. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ದಿನಕ್ಕೆ ಹತ್ತು ಸಾವಿರದ ಚಿಲ್ಲರೆ. ಡೀಸೆಲ್ ಲೀಟರಿಗೆ 90 ಎಂದರೆ ಉಳಿಯುವುದು 90,000. ಕಾಗದದ ಮೇಲೆ ಲಾಭವೇ. ಮುರಿಯುವುದು ಬೇರೆ ಕಡೆ: ಯಂತ್ರದ ಬೆಲೆ ಗಾತ್ರದ ಜೊತೆ ಇಳಿಯುವುದಿಲ್ಲ. ಹತ್ತನೇ ಒಂದು ಗಾತ್ರದ ಘಟಕಕ್ಕೆ ಹತ್ತನೇ ಒಂದು ಬೆಲೆ ಎಂದು ಯಾರೂ ಕೊಡುವುದಿಲ್ಲ. ಆಪರೇಟರ್ ಸಂಬಳ, ಸುರಕ್ಷತಾ ಉಪಕರಣ, ಪರವಾನಗಿ ಇವು 500 ಲೀಟರ್‌ಗೂ ಅಷ್ಟೇ, 50,000 ಲೀಟರ್‌ಗೂ ಹೆಚ್ಚುಕಡಿಮೆ ಅಷ್ಟೇ.


ಶೈತ್ಯಾಗಾರದ ಮೇಸ್ತ್ರಿ, ಕಲಬುರಗಿ

ಮೇಡಂ ಶುದ್ಧೀಕರಣವನ್ನು ಒಂದು ಸಾಲಿನಲ್ಲಿ ಮುಗಿಸಿದರು, ಹಣ ನುಂಗುವುದು ಅದೇ. ಇಂಗಾಲದ ಡೈಆಕ್ಸೈಡ್ ಮೈನಸ್ 78ಕ್ಕೇ ನೇರವಾಗಿ ಗಟ್ಟಿಯಾಗಿ ಒಣ ಹಿಮವಾಗುತ್ತದೆ. ಮೈನಸ್ 162ರ ಕಡೆಗೆ ಹೋಗುವ ದಾರಿಯಲ್ಲಿ ಅದು ಶಾಖ ವಿನಿಮಯಕದ ಸಣ್ಣ ಕೊಳವೆಗಳಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ನೀರಿನ ಆವಿ ಅದಕ್ಕೂ ಮೊದಲೇ ಕಟ್ಟಿಕೊಂಡಿರುತ್ತದೆ. ಆದ್ದರಿಂದ ದ್ರವ ಮಾಡುವ ಮುನ್ನ ಇಂಗಾಲದ ಡೈಆಕ್ಸೈಡ್ ಅನ್ನು ಹತ್ತು ಲಕ್ಷಕ್ಕೆ 50 ಪಾಲಿಗೆ ಇಳಿಸಬೇಕು. ವಾಹನಕ್ಕೆ ಒತ್ತಿ ತುಂಬುವ ಜೈವಿಕ ಅನಿಲಕ್ಕೆ ಭಾರತೀಯ ಮಾನಕ 16087 ಕೇಳುವುದು ಶೇಕಡಾ 90 ಮೀಥೇನ್. ಎರಡೂ ಶುದ್ಧಿಯೇ, ಆದರೆ ನಡುವೆ ಅಜಗಜಾಂತರ.

ಇನ್ನು ಕಸದ ಅನಿಲಕ್ಕೇ ಅಂಟಿದ ಪಿಡುಗು ಸಿಲೋಕ್ಸೇನ್. ಶಾಂಪೂ, ಕ್ರೀಮು, ಪಾಲಿಶ್ ಇವುಗಳಿಂದ ಬರುತ್ತದೆ. ಉರಿದರೆ ಸಿಲಿಕಾ, ಅಂದರೆ ಮರಳೇ. ಕಸದ ಅನಿಲ ಕುಡಿದ ಎಂಜಿನ್ ಬಿಚ್ಚಿದರೆ ಪಿಸ್ಟನ್ ತಲೆಯ ಮೇಲೆ ಬಿಳಿ ಪುಡಿ ಗಾರೆಯಂತೆ ಕೂತಿರುತ್ತದೆ, ಉಗುರಿನಿಂದ ಕೆರೆದರೆ ಬರುವುದಿಲ್ಲ. ಇದ್ದಿಲಿನ ಫಿಲ್ಟರ್ ಹಾಕಿ ಹಿಡಿಯಬೇಕು. ಗಂಧಕದ ಅನಿಲಕ್ಕೆ ಬೇರೆ ಫಿಲ್ಟರ್.


ಹುಮನಾಬಾದ್ ಲಾರಿ

ಇಷ್ಟು ಹೊತ್ತು ಓದಿದ್ದಕ್ಕೆ ನನಗೆ ತಿಳಿದದ್ದು, ಹುಮನಾಬಾದ್‌ನಲ್ಲಿ ಎಲ್‌ಎನ್‌ಜಿ ಸಿಗಲು ನಾನು ಇನ್ನೂ ಕಾಯಬೇಕು.


ಸ್ವಚ್ಛ ವಾಹಿನಿ ಚಾಲಕಿ, ಯಾದಗಿರಿ ಜಿಲ್ಲೆ

ಅಣ್ಣನವರೇ, ಮೇಡಂ ಅವರೇ, ನಾನು ಕಸದ ಗಾಡಿ ಓಡಿಸುವವಳು. ಇಷ್ಟೆಲ್ಲ ಓದಿದೆ. ಒಂದು ಪ್ರಶ್ನೆ. ಹಸಿ ಕಸವನ್ನು ಗುಡ್ಡಕ್ಕೆ ಹಾಕಿ, ಅದು ವರ್ಷಗಟ್ಟಲೆ ಕೊಳೆತು, ಆಮೇಲೆ ತೂತು ಕೊರೆದು ಅನಿಲ ಹುಡುಕುವ ಬದಲು, ಹಸಿ ಕಸವನ್ನು ಮೊದಲೇ ಗೋಬರ್ ಗ್ಯಾಸ್ ಗುಂಡಿಗೆ ಹಾಕಿದರೆ ಆಗದೇ? ಊರಲ್ಲಿ ಸಗಣಿ ಹಾಕಿ ಒಲೆ ಉರಿಸುವುದು ನೋಡಿದ್ದೇವೆ.


ಯಾದಗಿರಿ ನಿವೃತ್ತ

ತಂಗಿ, ಇಷ್ಟು ಜನರ ನಡುವೆ ಕೇಳಬೇಕಾದ ಪ್ರಶ್ನೆ ನೀನು ಕೇಳಿದೆ.

ಇಂದೋರ್‌ನಲ್ಲಿ 2022ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಘಟಕ ದಿನಕ್ಕೆ 550 ಟನ್ ಬೇರ್ಪಡಿಸಿದ ಹಸಿ ಕಸಕ್ಕೆ, 17,000 ಕಿಲೋ ಸಿಎನ್‌ಜಿಗೆ ಎಂದು ಕಟ್ಟಿದ್ದು. ಭಾಗಿಸಿ ನೋಡಿ, ಟನ್‌ಗೆ 31 ಕಿಲೋ. ಈಗ ಮೇಡಂ ಹೇಳಿದ 720 ಕಿಲೋ ತೆಗೆದುಕೊಳ್ಳಿ. ಅಷ್ಟು ಇಂಧನಕ್ಕೆ ದಿನಕ್ಕೆ 23, 24 ಟನ್ ಹಸಿ ಕಸ ಸಾಕು. 2 ಲಕ್ಷ ಟನ್‌ನ ಗುಡ್ಡಕ್ಕೆ ಹಾಳೆ ಹೊದಿಸಿ, ಬಾವಿ ಕೊರೆದು, ಬ್ಲೋವರ್ ಓಡಿಸಿ ಪಡೆಯುವುದನ್ನು ಇಪ್ಪತ್ತನಾಲ್ಕು ಟನ್ ಕಸ ಟ್ಯಾಂಕಿನೊಳಗೆ ಕೂತು ಕೊಡುತ್ತದೆ. ಟ್ಯಾಂಕಿಗೆ ಗಾಳಿ ಹೋಗುವುದಿಲ್ಲ, ನೈಟ್ರೋಜನ್ ತಲೆನೋವಿಲ್ಲ, ಶಾಂಪೂ ಬಾಟಲಿ ಇಲ್ಲದಿದ್ದರೆ ಸಿಲೋಕ್ಸೇನ್ ಕಾಟವೂ ಕಡಿಮೆ. 2011ರ ಜನಗಣತಿಯಲ್ಲೇ ಕಲಬುರಗಿ ನಗರದ ಜನಸಂಖ್ಯೆ 5.3 ಲಕ್ಷ ದಾಟಿತ್ತು. ಅಷ್ಟು ದೊಡ್ಡ ಊರಿಗೆ ದಿನಕ್ಕೆ 24 ಟನ್ ಹಸಿ ಕಸ ಹುಟ್ಟುವುದು ದೊಡ್ಡ ಮಾತಲ್ಲ.

ಇನ್ನೊಂದು, ಗುಡ್ಡದ ಅನಿಲ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ನಮ್ಮ ಕಸದಲ್ಲಿ ಅಡುಗೆಮನೆಯ ಪಾಲು ಹೆಚ್ಚು, ಅದು ಬೇಗ ಕೊಳೆತು ಬೇಗ ಮುಗಿಯುತ್ತದೆ. ಇಪ್ಪತ್ತು ವರ್ಷ ಬಾಳುವ ಯಂತ್ರ ತಂದರೆ ಮೊದಲ ಕೆಲವು ವರ್ಷ ಹೊಟ್ಟೆ ತುಂಬ, ಆಮೇಲೆ ಅರೆಹೊಟ್ಟೆ. ಮನೆಗಳು ಅಡುಗೆ ಮಾಡುವುದನ್ನು ಮಾತ್ರ ನಿಲ್ಲಿಸುವುದಿಲ್ಲ.


ಸ್ವಚ್ಛ ವಾಹಿನಿ ಚಾಲಕಿ, ಯಾದಗಿರಿ ಜಿಲ್ಲೆ

ಕಾಕಾ, 24 ಟನ್ ಬೇರ್ಪಡಿಸಿದ ಹಸಿ ಕಸ ಎಂದು ಬರೆಯುವುದು ಸುಲಭ. ಗಾಡಿಯ ಹಿಂದೆ ನಿಂತು ನೋಡಬೇಕು. ಹಸಿರು ಡಬ್ಬಿಯಲ್ಲಿ ಗುಟ್ಕಾ ಚೀಟಿ, ಬ್ಲೇಡು, ಮಗುವಿನ ಡೈಪರು. ಮದುವೆ ಊಟದ ಕಸ ಬಂದರೆ ಅನ್ನ, ಸಾರು ಒಳ್ಳೆಯದೇ, ಆದರೆ ಈಗಿನ ತಟ್ಟೆಗೆ ಒಳಗೆ ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ, ಅನ್ನದ ಜೊತೆ ಮುದ್ದೆಯಾಗಿ ಬರುತ್ತದೆ. ಕೈಯಿಂದ ಬಿಡಿಸುವವರು ನಾವೇ. ಮನೆಮನೆಯ ಕಸ ನಂಬಿ ಯಂತ್ರ ತರಬೇಡಿ. ತರಕಾರಿ ಮಾರುಕಟ್ಟೆ, ಹಾಸ್ಟೆಲು, ಕಲ್ಯಾಣ ಮಂಟಪ, ಖಾನಾವಳಿ ಇವುಗಳಿಂದ ಶುರು ಮಾಡಿ. ಮಾರುಕಟ್ಟೆಯಲ್ಲಿ ಸಂಜೆ ಉಳಿಯುವ ಕೋಸಿನ ಎಲೆ, ಕೊಳೆತ ಟೊಮೆಟೊ ಯಾರೂ ಬೇರ್ಪಡಿಸಬೇಕಿಲ್ಲ.


ದೇವಣಿ, ಬೀದರ್

ಬೀದರ್ ಕಡೆ ಇನ್ನೊಂದು ದಾರಿ. ಸಕ್ಕರೆ ಕಾರ್ಖಾನೆಗಳ ಪ್ರೆಸ್‌ಮಡ್, ಅಂದರೆ ಕಬ್ಬಿನ ರಸ ಸೋಸಿದಾಗ ಉಳಿಯುವ ಕೆಸರು ಇದೆ, ಸಗಣಿಯಂತೂ ಇದ್ದೇ ಇದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ತಂದ ಸತತ್ ಯೋಜನೆಯಲ್ಲಿ ಇಂಥ ಅನಿಲವನ್ನು ತೈಲ ಕಂಪನಿಗಳು ಕೊಳ್ಳುವ ಏರ್ಪಾಡಿದೆ. ಹುಮನಾಬಾದ್ ಅಣ್ಣನವರ ಲಾರಿಗೆ ದ್ರವ ಮೀಥೇನ್ ಎಂದಾದರೂ ಸ್ಥಳೀಯವಾಗಿ ಬಂದರೆ ಕಸದ ಗುಡ್ಡದಿಂದ ಬರುವುದಕ್ಕಿಂತ ಹೀಗೆ ನಾಲ್ಕಾರು ಘಟಕಗಳ ಅನಿಲ ಒಂದು ಕಡೆ ಕೂಡಿದಾಗ ಬರಬಹುದೇನೋ.


ರಸಾಯನ ಮೇಡಂ, ಕಲಬುರಗಿ

ಅದೇ ನನ್ನ ಅಭಿಪ್ರಾಯವೂ. ದ್ರವ ಮಾಡುವುದು ದೂರ ಸಾಗಿಸಲು ಮತ್ತು ದೂರ ಓಡುವ ಭಾರಿ ಲಾರಿಗಾಗಿ. ಟಿಪ್ಪರ್ ದಿನವಿಡೀ ಊರಲ್ಲೇ ಸುತ್ತಿ ಸಂಜೆ ಅದೇ ಅಂಗಳಕ್ಕೆ ಬಂದು ನಿಲ್ಲುತ್ತದೆ. ಅದಕ್ಕೆ 200 ಬಾರ್‌ನ ಸಿಲಿಂಡರ್ ಸಾಕು, ಮೈನಸ್ 162 ಏಕೆ? ರಜೆಯ ದಿನ ಗಾಡಿ ನಿಂತಿದ್ದರೆ ಸಿಎನ್‌ಜಿ ಹಾಗೇ ಇರುತ್ತದೆ, ಎಲ್‌ಎನ್‌ಜಿ ಟ್ಯಾಂಕು ಬಿಸಿಯೇರಿ ಕೊನೆಗೆ ವಾಲ್ವಿನಿಂದ ಅನಿಲ ಬಿಡುತ್ತದೆ. ಗಾಳಿಗೆ ಹೋದ ಒಂದು ಕಿಲೋ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾಗಿ ಭೂಮಿಯನ್ನು ಕಾಯಿಸುತ್ತದೆ. ಅದನ್ನು ತಡೆಯಲೆಂದೇ ಹೊರಟು ಅದನ್ನೇ ಮಾಡಿದ ಹಾಗೆ.


ಗಂಜ್ ವೆಲ್ಡರ್, ಕಲಬುರಗಿ

ಮಾರುಕಟ್ಟೆ ಕಸದ ಟ್ಯಾಂಕು ಒಳ್ಳೆಯ ವಿಚಾರ, ಅದನ್ನು ಕಟ್ಟಲು ನಾನು ಬರುತ್ತೇನೆ. ಆದರೆ ಹಳೆಯ ಗುಡ್ಡಗಳ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಹೊಸ ಕಸ ಬರದಿದ್ದರೂ ಅವು ಅನಿಲ ಬಿಡುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ಹೊತ್ತಿಕೊಂಡರೆ ಹೊಗೆ ಸುತ್ತಲಿನ ಹಳ್ಳಿಗಳಿಗೆ. ಅದನ್ನು ಹಾಗೇ ಬಿಡುವುದೇ?


ಯಾದಗಿರಿ ನಿವೃತ್ತ

ಬಿಡಬೇಕಿಲ್ಲ. ಅನಿಲ ಕಡಿಮೆ ಇದ್ದರೆ ಮಾಗಿದ ಕಾಂಪೋಸ್ಟ್ ಹೊದಿಸುವುದು ಅಗ್ಗದ ಉಪಾಯ. ತೇವ ಇಟ್ಟುಕೊಂಡರೆ ಅದರಲ್ಲಿರುವ ಸೂಕ್ಷ್ಮಾಣುಗಳೇ ಮೀಥೇನ್ ಅನ್ನು ತಿಂದು ಇಂಗಾಲದ ಡೈಆಕ್ಸೈಡ್ ಮಾಡುತ್ತವೆ. ಮಧ್ಯಮ ಇದ್ದರೆ ಪೈಪು ಹೂತು ಒಂದೆಡೆ ಉರಿಸುವುದು. ಜಾಗ ಬಿಡಿಸಿಕೊಳ್ಳುವ ಮನಸ್ಸಿದ್ದರೆ ಗುಡ್ಡವನ್ನೇ ಅಗೆದು ಜರಡಿ ಹಿಡಿಯುವುದು. ಮಣ್ಣು ಒಂದು ಕಡೆ, ಉರಿಯುವ ಪ್ಲಾಸ್ಟಿಕ್, ಬಟ್ಟೆ ಇನ್ನೊಂದು ಕಡೆ.

ಈ ವಿಷಯದಲ್ಲಿ ಕಲಬುರಗಿ ಜಿಲ್ಲೆಗೆ ಒಂದು ಅದೃಷ್ಟವಿದೆ, ಎಲ್ಲರಿಗೂ ಇಲ್ಲ. ವಾಡಿ, ಸೇಡಂ, ಚಿತ್ತಾಪುರದ ಸಿಮೆಂಟ್ ಗೂಡುಗಳು ಪಕ್ಕದಲ್ಲೇ ಇವೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸದಿಂದ ಇಂಧನ ಮಾಡುವ ಘಟಕದ 100 ಕಿಲೋಮೀಟರ್ ಒಳಗಿನ ಕೈಗಾರಿಕೆಗಳು ತಮ್ಮ ಇಂಧನದ ಕನಿಷ್ಠ ಶೇಕಡಾ 5ನ್ನು ಅದರಿಂದ ಪಡೆಯಬೇಕು ಎಂದವು. ಗೂಡಿನ ಬೆಂಕಿ 1,400 ಡಿಗ್ರಿ ದಾಟುತ್ತದೆ, ಬೂದಿಯೂ ಸಿಮೆಂಟಿನಲ್ಲೇ ಸೇರುತ್ತದೆ. ಪ್ಲಾಸ್ಟಿಕ್ ಅಲ್ಲಿಗೆ, ಹಸಿ ಕಸ ಟ್ಯಾಂಕಿಗೆ. ಗುಡ್ಡಕ್ಕೆ ಹೋಗುವುದೇನು ಉಳಿಯಿತು?


ಗಂಜ್ ವೆಲ್ಡರ್, ಕಲಬುರಗಿ

ಇಷ್ಟಾದರೂ ಒಮ್ಮೆ ಗುಡ್ಡದ ಅನಿಲ ಅಳೆದು ನೋಡುವ ಆಸೆ ಬಿಟ್ಟಿಲ್ಲ. ಆಳವಿರುವ ಕಡೆ ಕೆಲವು ಬಾವಿ ಕೊರೆದರೆ ಸಂಖ್ಯೆ ಕೈಗೆ ಬರುತ್ತದಲ್ಲ. ಬೋರ್ ಹೊಡೆಯುವ ಗಾಡಿಯವರು ನನಗೆ ಪರಿಚಯ.


ಯಾದಗಿರಿ ನಿವೃತ್ತ

ಬೋರ್ ಗಾಡಿ ಗುಡ್ಡದ ಮೇಲೆ ಹತ್ತಿಸಬೇಡಿ. ಅದರ ಕಂಪ್ರೆಸರ್ ಒಳಗೆ ಗಾಳಿ ನುಗ್ಗಿಸುತ್ತದೆ, ಮೇಲೆ ಎಂಜಿನ್‌ನ ಕಿಡಿ, ಬಾಯಿಯಿಂದ ಬರುವುದು ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್. ಎರಡನೆಯದು ಹತ್ತು ಲಕ್ಷಕ್ಕೆ 100 ಪಾಲು ಇದ್ದರೆ ಪ್ರಾಣಕ್ಕೆ ಎರವು. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆಚ್ಚಾದಾಗ ಮೂಗೇ ಮರಗಟ್ಟುತ್ತದೆ, ವಾಸನೆ ಹೋಯಿತು ಎಂದು ಬಗ್ಗಿ ನೋಡಿದವನು ಅಲ್ಲೇ ಬೀಳುತ್ತಾನೆ. ಪಾಲಿಕೆಯ ಒಪ್ಪಿಗೆ ಇಲ್ಲದೆ ಹೋಗುವ ಮಾತೇ ಇಲ್ಲ. ಒಪ್ಪಿಗೆ ಸಿಕ್ಕರೆ ಮೇಲ್ಮೈ ಅಳತೆಯಿಂದ ಶುರು ಮಾಡಿ. ತಗಡಿನ ಡಬ್ಬಿ ಕವುಚಿ ಹಾಕಿ, ಅಂಚಿಗೆ ಒದ್ದೆ ಮಣ್ಣು ಮೆತ್ತಿ, ಒಳಗೆ ಮೀಥೇನ್ ಎಷ್ಟು ಹೊತ್ತಿಗೆ ಎಷ್ಟು ಏರುತ್ತದೆ ಎಂದು ನೋಡುವುದು. ಕೊರೆಯುವುದೇ ಬೇಡ. ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಳೆಗಾಲ ಮತ್ತು ಬೇಸಿಗೆ ಎರಡರಲ್ಲೂ ಮಾಡಿ. ವಾಯುಭಾರ ಇಳಿದಾಗ ಗುಡ್ಡ ಹೆಚ್ಚು ಅನಿಲ ಬಿಡುತ್ತದೆ.

ದ್ರವ ಮೀಥೇನ್ ಟ್ಯಾಂಕಿಗೆ ವೆಲ್ಡಿಂಗ್ ಮಾಡುವ ಯೋಚನೆ ಇನ್ನೂ ಇದ್ದರೆ, ಅದು ಹಾಲಿನ ಟ್ಯಾಂಕಲ್ಲ. ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಅನುಮೋದನೆ ಇಲ್ಲದೆ ಅಂಥ ಪಾತ್ರೆ ಮಾಡುವಂತಿಲ್ಲ. ಸಾಮಾನ್ಯ ಉಕ್ಕು ಆ ತಂಪಿಗೆ ಗಾಜಿನಂತೆ ಒಡೆಯುತ್ತದೆ.


ರಸಾಯನ ಮೇಡಂ, ಕಲಬುರಗಿ

ಡಬ್ಬಿ ವೆಲ್ಡರ್ ಅವರು ಮಾಡಲಿ. ಕೈಯಲ್ಲಿ ಹಿಡಿಯುವ ಅನಿಲ ವಿಶ್ಲೇಷಕ ನಮ್ಮ ವಿಭಾಗದಲ್ಲಿ ಇದೆ, ವಿದ್ಯಾರ್ಥಿಗಳ ಪ್ರಾಜೆಕ್ಟ್ ಎಂದು ಕೇಳಿದರೆ ಕೊಡಬಹುದು. ಹೈಡ್ರೋಜನ್ ಸಲ್ಫೈಡ್ ಅಲಾರಂ ಇಲ್ಲದೆ ಒಬ್ಬ ವಿದ್ಯಾರ್ಥಿಯನ್ನೂ ಕಳಿಸುವುದಿಲ್ಲ. ಚಾಲಕಿಯವರ ಮಾತಿನಂತೆ ಮಾರುಕಟ್ಟೆ ಕಸದ ಒಂದು ವಾರದ ತೂಕವೂ ಜೊತೆಯಲ್ಲೇ ಆಗಲಿ, ಎರಡು ಸಂಖ್ಯೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಪಾಲಿಕೆ ಆಯುಕ್ತರಿಗೆ ಅನುಮತಿ ಪತ್ರದ ಕರಡು ಯಾರಾದರೂ ಬರೆದು ಇಲ್ಲಿ ಹಾಕಿ, ತಿದ್ದಿ ಕೊಡುತ್ತೇನೆ.


ಶೈತ್ಯಾಗಾರದ ಮೇಸ್ತ್ರಿ, ಕಲಬುರಗಿ

ತೂಕದ ಕಾಟಾ ನನ್ನ ಹತ್ತಿರ ಇದೆ, 300 ಕಿಲೋ ತೂಗುತ್ತದೆ. ಭಾನುವಾರ ಬಿಟ್ಟು ಯಾವತ್ತು ಬೇಕಾದರೂ ಒಯ್ಯಿರಿ.